ಓದುಗರ ಪ್ರಶ್ನೋತ್ತರ: ಕರುಳಿನ ಕ್ಯಾನ್ಸರ್ ವಂಶದಲ್ಲಿದ್ದರೆ ಮೊದಲು ಯಾರ ರಕ್ತ?

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ವಂಶದಿಂದ ಬಂದವಲ್ಲ. ಒಂದೇ ಜೀನಿನ ದೋಷದಿಂದ ಬರುವವು ನೂರಕ್ಕೆ ಐದರ ಆಸುಪಾಸು. ಅವುಗಳಲ್ಲಿ ಲಿಂಚ್ ಸಿಂಡ್ರೋಮ್‌ನದೇ ದೊಡ್ಡ ಪಾಲು, ನೂರಕ್ಕೆ ಸುಮಾರು ಮೂರು. ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ಜೀನ್‌ಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟಿರುವುದೇ ಲಿಂಚ್. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಬರೆದವರಲ್ಲಿ ಬಹಳ ಜನರ ತೊಡಕು ಒಂದೇ ಬಗೆಯದು: ಪರೀಕ್ಷೆ ಆಗಿದೆ, ಆದರೆ ಅದನ್ನು ಮನೆಯ ತಪ್ಪು ವ್ಯಕ್ತಿಯಿಂದ ಶುರು ಮಾಡಲಾಗಿದೆ, ಇಲ್ಲವೇ ವರದಿಯ ಅರ್ಧವನ್ನಷ್ಟೇ ಓದಲಾಗಿದೆ.

ಪ್ರಶ್ನೆ: ನನಗೆ 29 ವರ್ಷ. ತಂದೆಯವರಿಗೆ 46ರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಆಯಿತು, ಈಗ ಅವರಿಲ್ಲ. ಚಿಕ್ಕಪ್ಪನಿಗೆ 52ರಲ್ಲಿ ಅದೇ ಕಾಯಿಲೆ ಬಂದು ಆಪರೇಷನ್ ಆಗಿ ಚೆನ್ನಾಗಿದ್ದಾರೆ. ಸೋದರತ್ತೆಗೆ 49ರಲ್ಲಿ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ ಮನೆಯವರು. ನಾನೇ ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದೆ. 'ನೆಗೆಟಿವ್' ಬಂದಿದೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಈಗಲೇ ಇರಬೇಡಿ. ನಿಮ್ಮ ನೆಗೆಟಿವ್‌ಗೆ ಎರಡು ಅರ್ಥ ಸಾಧ್ಯ. ಮನೆತನದಲ್ಲಿ ಒಂದು ದೋಷವಿದ್ದು ಅದು ನಿಮಗೆ ಬಂದಿಲ್ಲ ಎಂಬುದು ಒಂದು. ದೋಷವಿದೆ, ಪರೀಕ್ಷೆಯ ಕಣ್ಣಿಗೆ ಬಿದ್ದಿಲ್ಲ ಎಂಬುದು ಇನ್ನೊಂದು. ನಿಮ್ಮೊಬ್ಬರ ರಕ್ತ ನೋಡಿ ಇವೆರಡರಲ್ಲಿ ಯಾವುದು ಎಂದು ಹೇಳಲು ಯಾರಿಂದಲೂ ಆಗದು. ಅದಕ್ಕೇ ಮೊದಲ ಪರೀಕ್ಷೆ ಕಾಯಿಲೆ ಬಂದವರದ್ದೇ ಆಗಬೇಕು. ನಿಮ್ಮ ಮನೆಯಲ್ಲಿ ಅದು ಚಿಕ್ಕಪ್ಪ. ಅವರಲ್ಲಿ ದೋಷ ಸಿಕ್ಕರೆ, ನಿಮ್ಮ ರಕ್ತದಲ್ಲಿ ಅದೇ ಜೀನಿನ ಅದೇ ಜಾಗವನ್ನು ಮಾತ್ರ ನೋಡಿದರೆ ಸಾಕು. ಆಗ ಬರುವ ನೆಗೆಟಿವ್ ನಿಜವಾದ ನೆಗೆಟಿವ್. ಆಮೇಲೆ ನಿಮಗೆ ಉಳಿದ ಜನರಿಗಿರುವಷ್ಟೇ ಅಪಾಯ, ಅವರಿಗೆ ಹೇಳುವ ತಪಾಸಣೆಯೇ ಸಾಕು.

ಸೋದರತ್ತೆಯ ಕಾಯಿಲೆಗೆ ಸಂಬಂಧವಿರುವ ಸಾಧ್ಯತೆ ಬಲವಾಗಿದೆ. ಲಿಂಚ್ ಕುಟುಂಬಗಳ ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕರುಳಿನದ್ದರಷ್ಟೇ ಸಾಮಾನ್ಯ. ಲಿಂಚ್‌ಗೆ ಕಾರಣವಾಗುವ ಜೀನ್‌ಗಳಲ್ಲಿ ಒಂದಾದ ಎಂಎಸ್‌ಎಚ್6ರ ದೋಷವಿದ್ದ ಹೆಂಗಸರಲ್ಲಿ ಕರುಳಿಗಿಂತ ಗರ್ಭಕೋಶದ್ದೇ ಹೆಚ್ಚು. ಈ ಕಾಯಿಲೆಯ ಕಥೆ ಶುರುವಾದದ್ದೂ ಅಲ್ಲಿಂದಲೇ. 1895ರಲ್ಲಿ ಮಿಷಿಗನ್‌ನ ಪ್ಯಾಥಾಲಜಿಸ್ಟ್ ಆಲ್ಡ್ರೆಡ್ ವಾರ್ತಿನ್‌ಗೆ ಅವರ ಮನೆಗೆ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳು, ತನ್ನ ವಂಶದವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾರೆ, ತನಗೂ ಅದೇ ಗತಿ ಎಂದಳು. ಮುಂದೆ ಅವಳು ಗರ್ಭಕೋಶದ ಕ್ಯಾನ್ಸರ್‌ನಿಂದಲೇ ತೀರಿಕೊಂಡಳು. ವಾರ್ತಿನ್ ಆ ಮನೆತನದ ವಿವರವನ್ನು 1913ರಲ್ಲಿ ಪ್ರಕಟಿಸಿದರು. 1966ರಲ್ಲಿ ಹೆನ್ರಿ ಲಿಂಚ್ ಇಂಥ ಮತ್ತೆರಡು ಮನೆತನಗಳನ್ನು ವಿವರಿಸಿದರು. ಹಳೆಯ ಮನೆತನದ ದೋಷ ಎಂಎಸ್‌ಎಚ್2 ಜೀನಿನಲ್ಲಿದೆ ಎಂದು ಗೊತ್ತಾದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಮನೆಯವರ ನೆನಪಿಗೆ ಬೆಲೆ ಕೊಡಿ. 'ಹೊಟ್ಟೆಯಲ್ಲಿ ಗಡ್ಡೆ' ಎಂದಷ್ಟೇ ಹೇಳಿ ಮುಗಿಸಿದ ಅಜ್ಜ-ಅಜ್ಜಿಯರ ಸಾವಿನ ಬಗ್ಗೆಯೂ ವಿಚಾರಿಸಿ, ವಯಸ್ಸಿನ ಸಮೇತ ಬರೆದಿಡಿ.

ಲಿಂಚ್ ಕುಟುಂಬಗಳನ್ನು ಗುರುತಿಸುವ ಆಮ್‌ಸ್ಟರ್‌ಡ್ಯಾಮ್ ನಿಯಮವನ್ನು ನೀವು ಕೇಳಿರಬಹುದು: ಕಾಯಿಲೆ ಬಂದ ಮೂವರು ಬಂಧುಗಳು, ಎರಡು ತಲೆಮಾರು, ಒಬ್ಬರಾದರೂ 50ರೊಳಗೆ. ಆ ಮೂವರಲ್ಲಿ ಒಬ್ಬರು ಉಳಿದಿಬ್ಬರಿಗೂ ತಂದೆ-ತಾಯಿ, ಒಡಹುಟ್ಟು ಅಥವಾ ಮಕ್ಕಳಾಗಿರಬೇಕು. ನಿಮ್ಮ ಮನೆಯ ಮೂವರೂ ಒಡಹುಟ್ಟಿದವರು, ಅಂದರೆ ಒಂದೇ ತಲೆಮಾರು. ಹಾಗಾಗಿ ನಿಯಮಕ್ಕೆ ಕೂದಲೆಳೆಯಲ್ಲಿ ಹೊರಗೆ ಉಳಿಯುತ್ತಾರೆ. ಇಂಥವರನ್ನೆಲ್ಲ ಬಿಟ್ಟುಬಿಡುತ್ತದೆ ಎಂಬ ಕಾರಣಕ್ಕೇ ಈಗ ಆ ನಿಯಮವೊಂದನ್ನೇ ನಂಬುವುದಿಲ್ಲ. ಕರುಳಿನ ಕ್ಯಾನ್ಸರ್ ಆದ ಪ್ರತಿಯೊಬ್ಬರ ಗಡ್ಡೆಯನ್ನೂ ಪರೀಕ್ಷಿಸಬೇಕು ಎಂಬುದು ಇಂದಿನ ಪದ್ಧತಿ.

ಚಿಕ್ಕಪ್ಪ ಒಪ್ಪದಿದ್ದರೆ ತಂದೆಯವರ ಬ್ಲಾಕ್ ಕೇಳಿ. ಆಪರೇಷನ್‌ನಲ್ಲಿ ತೆಗೆದ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಪ್ಯಾಥಾಲಜಿ ವಿಭಾಗ ವರ್ಷಗಟ್ಟಲೆ ಇಟ್ಟಿರುತ್ತದೆ. ಕೇಳುವಾಗ ಗಡ್ಡೆಯ ಬ್ಲಾಕ್ ಒಂದೇ ಸಾಲದು. ಕ್ಯಾನ್ಸರ್ ಇಲ್ಲದ ತುದಿಯ ಕರುಳು ಅಥವಾ ಶುದ್ಧವಾದ ಲಿಂಫ್ ಗ್ರಂಥಿಯ ಬ್ಲಾಕ್ ಕೂಡ ಬೇಕು. ಗಡ್ಡೆಯಲ್ಲಿ ಕಂಡ ಬದಲಾವಣೆ ಗಡ್ಡೆಯಲ್ಲೇ ಹುಟ್ಟಿದ್ದಿರಬಹುದು. ಆರೋಗ್ಯವಂತ ಅಂಗಾಂಶದಲ್ಲೂ ಕಂಡರೆ ಮಾತ್ರ ಅದು ಹುಟ್ಟಿನಿಂದ ಬಂದದ್ದು. ಫಾರ್ಮಲಿನ್‌ನಲ್ಲಿ ನೆನೆದ ಡಿಎನ್‌ಎ ಚೂರುಚೂರಾಗಿರುತ್ತದೆ, ಜೊತೆಗೆ ಅದರ 'ಸಿ' ಅಕ್ಷರಗಳು ಕೆಟ್ಟು 'ಟಿ' ಎಂದು ಓದಿಸಿಕೊಳ್ಳುತ್ತವೆ. ಹೀಗಾಗಿ ಅಲ್ಲಿ ಸಿಕ್ಕಿದ್ದನ್ನು ಬದುಕಿರುವ ಬಂಧುವೊಬ್ಬರ ರಕ್ತದಲ್ಲಿ ಖಚಿತಪಡಿಸಿಕೊಳ್ಳುವವರೆಗೆ ನೆಚ್ಚಬೇಡಿ. ಅಲ್ಲಿಯವರೆಗೆ ನಿಮ್ಮ ಕೊಲೊನೊಸ್ಕೋಪಿಯನ್ನು (ಕ್ಯಾಮೆರಾ ಕೊಳವೆಯಿಂದ ದೊಡ್ಡಕರುಳನ್ನು ನೋಡುವ ಪರೀಕ್ಷೆ) ಮಾತ್ರ ಮುಂದೂಡಬೇಡಿ.

ಪ್ರಶ್ನೆ: ಅಮ್ಮನಿಗೆ 68. ದೊಡ್ಡಕರುಳಿನ ಬಲಭಾಗದಲ್ಲಿ ಕ್ಯಾನ್ಸರ್. ವರದಿಯಲ್ಲಿ 'ಎಂಎಲ್‌ಎಚ್1 ಮತ್ತು ಪಿಎಂಎಸ್2 ಇಲ್ಲ, ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಇವೆ' ಎಂದಿದೆ. ಎರಡು ಜೀನ್‌ಗಳು ಕೆಟ್ಟಿವೆಯೇ? ಮಕ್ಕಳಾದ ನಮಗೂ ಬರುತ್ತದೆಯೇ?

ಉತ್ತರ: ಎರಡು ಜೀನ್ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ನಿಮ್ಮ ಅಮ್ಮನ ವಯಸ್ಸಿಗೆ ಇದು ವಂಶದ್ದಲ್ಲದಿರುವ ಸಾಧ್ಯತೆಯೇ ಹೆಚ್ಚು. ಆದರೆ ಅದನ್ನು ಊಹೆಗೆ ಬಿಡಬಾರದು, ಇನ್ನೊಂದು ಪರೀಕ್ಷೆ ಬಾಕಿ ಇದೆ.

ಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲು ಮಾಡುವಲ್ಲಿ ತಪ್ಪುಗಳಾಗುತ್ತವೆ. ಅವನ್ನು ತಿದ್ದುವ ನಾಲ್ಕು ಪ್ರೋಟೀನ್‌ಗಳು ಜೋಡಿಯಾಗಿ ದುಡಿಯುತ್ತವೆ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಒಂದು ಜೋಡಿ, ಎಂಎಲ್‌ಎಚ್1 ಮತ್ತು ಪಿಎಂಎಸ್2 ಇನ್ನೊಂದು. ಪ್ರತಿ ಜೋಡಿಯಲ್ಲಿ ಒಂದು ಯಜಮಾನ, ಒಂದು ಅವಲಂಬಿ. ಎಂಎಲ್‌ಎಚ್1 ಹೋದರೆ ಆಸರೆಯಿಲ್ಲದ ಪಿಎಂಎಸ್2 ಕರಗಿಹೋಗುತ್ತದೆ. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ ಹೋಗುತ್ತದೆ. ಅವಲಂಬಿ ಹೋದರೆ ಯಜಮಾನ ಉಳಿಯುತ್ತದೆ, ಏಕೆಂದರೆ ಅದಕ್ಕೆ ಬೇರೆ ಜೊತೆಗಾರರು ಸಿಗುತ್ತಾರೆ. ಆದ್ದರಿಂದ ಪಿಎಂಎಸ್2 ಒಂದೇ ಕಾಣೆಯಾಗಿದ್ದರೆ ಮೊದಲ ಅನುಮಾನ ಪಿಎಂಎಸ್2 ಜೀನಿನ ಮೇಲೆ. ಎರಡೂ ಕಾಣೆಯಾಗಿದ್ದರೆ ಅನುಮಾನ ಎಂಎಲ್‌ಎಚ್1 ಮೇಲೆ.

ಎಂಎಲ್‌ಎಚ್1 ಕಾಣೆಯಾಗಲು ಎರಡು ದಾರಿಗಳಿವೆ. ಒಂದು, ಹುಟ್ಟಿನಿಂದ ಬಂದ ದೋಷ. ಇನ್ನೊಂದು, ವಯಸ್ಸಾದಂತೆ ಆ ಜೀನಿನ ಬಾಗಿಲಿಗೆ ಮೀಥೈಲ್ ಗುಂಪುಗಳು ಅಂಟಿ ಜೀನ್ ಮುಚ್ಚಿಹೋಗುವುದು. ಈ ಎರಡನೆಯದು ಮಕ್ಕಳಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆಗಳು ಕರುಳಿನ ಕ್ಯಾನ್ಸರ್‌ಗಳಲ್ಲಿ ಶೇ 15ರಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಹೀಗೆ ಮುಚ್ಚಿಹೋದವು: ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಬಲಭಾಗದಲ್ಲಿ. ನಿಮ್ಮ ಅಮ್ಮನ ಚಿತ್ರಕ್ಕೆ ಇದು ಹೊಂದುತ್ತದೆ.

ಕೇಳಬೇಕಾದ ಪರೀಕ್ಷೆ: ಅದೇ ಬ್ಲಾಕ್‌ನಲ್ಲಿ ಬಿ-ರಾಫ್ ಎಂಬ ಜೀನಿನ ವಿ600ಇ ಬದಲಾವಣೆ ಇದೆಯೇ? ಇದ್ದರೆ ಲಿಂಚ್ ಬಹುಮಟ್ಟಿಗೆ ಇಲ್ಲ ಎಂದರ್ಥ. ಇಲ್ಲದಿದ್ದರೆ ನಿರ್ಧಾರಕ್ಕೆ ಬರಬೇಡಿ, ಮುಚ್ಚಿಹೋದ ಗಡ್ಡೆಗಳಲ್ಲೂ ಎಷ್ಟೋ ಸಲ ಅದು ಇರುವುದಿಲ್ಲ. ಆಗ ಎಂಎಲ್‌ಎಚ್1 ಮೀಥೈಲೇಷನ್ ಪರೀಕ್ಷೆ ಮಾಡಿಸಬೇಕು. ಅದೂ ಇಲ್ಲವೆಂದಾದರೆ ರಕ್ತದ ಜೀನ್ ಪರೀಕ್ಷೆ. ಗರ್ಭಕೋಶದ ಗಡ್ಡೆಯಲ್ಲಿ ಬಿ-ರಾಫ್ ಪರೀಕ್ಷೆಯಿಂದ ಉಪಯೋಗವಿಲ್ಲ, ಅಲ್ಲಿ ನೇರವಾಗಿ ಮೀಥೈಲೇಷನ್ ನೋಡಬೇಕು. ಇನ್ನೊಂದು ಎಚ್ಚರ: 50ರೊಳಗಿನವರ ಗಡ್ಡೆಯಲ್ಲಿ ಮೀಥೈಲೇಷನ್ ಕಂಡರೆ ರಕ್ತದಲ್ಲೂ ಅದನ್ನು ನೋಡಬೇಕು. ಅಪರೂಪಕ್ಕೆ ಕೆಲವರಲ್ಲಿ ಅದು ಮೈತುಂಬ ಹುಟ್ಟಿನಿಂದಲೇ ಇರುತ್ತದೆ.

ಅಮ್ಮನ ವರದಿಯಲ್ಲಿರುವುದು ಗಡ್ಡೆಯ ಚೂರಿಗೆ ಬಣ್ಣ ಹಾಕಿ ಈ ಪ್ರೋಟೀನ್‌ಗಳನ್ನು ಹುಡುಕುವ ಪರೀಕ್ಷೆ. ಅದು ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನೂ ಹೇಳಬೇಕು. ಪ್ರೋಟೀನ್ ಇದ್ದರೆ ಕೋಶದ ನ್ಯೂಕ್ಲಿಯಸ್ ಕಂದು ಬಣ್ಣ ಹಿಡಿಯುತ್ತದೆ. 'ಇಲ್ಲ' ಎನ್ನಬೇಕಾದರೆ ಅದೇ ಸ್ಲೈಡಿನಲ್ಲಿ ಗಡ್ಡೆಯ ಸುತ್ತಲಿನ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು, ಆರೋಗ್ಯವಂತ ಕೋಶಗಳು ಕಂದಾಗಿರಲೇಬೇಕು. ಅವೂ ಬಿಳಿಚಿಕೊಂಡಿದ್ದರೆ ಕೆಟ್ಟದ್ದು ಪರೀಕ್ಷೆಯೇ: ಅಂಗಾಂಶ ಫಾರ್ಮಲಿನ್‌ಗೆ ತಡವಾಗಿ ಬಿದ್ದಿರಬಹುದು ಅಥವಾ ಫಾರ್ಮಲಿನ್ ಒಳಗಿನವರೆಗೆ ಇಳಿದಿಲ್ಲದಿರಬಹುದು. ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್‌ಗೆ ಮುಂಚೆ ರೇಡಿಯೇಷನ್ ಮತ್ತು ಕಿಮೋ ಕೊಟ್ಟಿದ್ದರೆ ಎಂಎಸ್‌ಎಚ್6 ಮಸುಕಾಗಿ, ಇಲ್ಲವೆಂಬಂತೆ ಕಾಣುತ್ತದೆ. ಅಂಥವರಲ್ಲಿ ಚಿಕಿತ್ಸೆಗೆ ಮುಂಚಿನ ಬಯಾಪ್ಸಿಯನ್ನೇ ಬಳಸಬೇಕು. ಇದಕ್ಕೆ ವಿರುದ್ಧವಾಗಿ, ಒಂದೇ ಅಕ್ಷರ ಬದಲಾದ ಕೆಲವು ದೋಷಗಳಲ್ಲಿ ಪ್ರೋಟೀನ್ ತಯಾರಾಗಿ ಬಣ್ಣವನ್ನೂ ಹಿಡಿಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಮನೆತನದ ಚರಿತ್ರೆ ಬಲವಾಗಿದ್ದು ಬಣ್ಣ ಸರಿ ಇದ್ದರೆ ಎಂಎಸ್‌ಐ ಪರೀಕ್ಷೆ ಕೇಳಿ. ಡಿಎನ್‌ಎಯಲ್ಲಿ ಒಂದೇ ಅಕ್ಷರ ಸಾಲಾಗಿ ಬರುವ ಐದು ಜಾಗಗಳ ಉದ್ದವನ್ನು ಇದರಲ್ಲಿ ಅಳೆಯುತ್ತಾರೆ. ಎರಡು ಅಥವಾ ಹೆಚ್ಚು ಜಾಗಗಳಲ್ಲಿ ಉದ್ದ ಬದಲಾಗಿದ್ದರೆ ತಿದ್ದುವ ವ್ಯವಸ್ಥೆ ಕೆಟ್ಟಿದೆ. ಚೂರಿನಲ್ಲಿ ಗಡ್ಡೆಯ ಕೋಶಗಳು ಶೇ 20ಕ್ಕಿಂತ ಕಡಿಮೆಯಿದ್ದರೆ ಈ ಪರೀಕ್ಷೆಯೂ ಸುಳ್ಳು ಸಮಾಧಾನ ಕೊಡುತ್ತದೆ.

ಪ್ರಶ್ನೆ: ಅಕ್ಕನ ವರದಿಯಲ್ಲಿ ಪಿಎಂಎಸ್2 ಜೀನಿನಲ್ಲಿ 'ಮಹತ್ವ ಖಚಿತವಾಗದ ಬದಲಾವಣೆ, 3ನೇ ವರ್ಗ' ಎಂದಿದೆ. ಅಕ್ಕನಿಗೆ ಕ್ಯಾನ್ಸರ್ ಇಲ್ಲ. ಗರ್ಭಕೋಶ ತೆಗೆಸಿಬಿಡು ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಏನು ಮಾಡಬೇಕು?

ಉತ್ತರ: ಈ ವರದಿಯ ಆಧಾರದ ಮೇಲೆ ತೆಗೆಸಬಾರದು. ಬದಲಾವಣೆಗಳನ್ನು ಐದು ವರ್ಗಗಳಲ್ಲಿ ಇಡುತ್ತಾರೆ. 1 ಮತ್ತು 2 ನಿರಪಾಯದ ಕಡೆ, 4 ಮತ್ತು 5 ದೋಷದ ಕಡೆ. 3ನೆಯದು ತೀರ್ಪು ಬಾಕಿ ಇರುವ ಅರ್ಜಿ. ಅದು ಪಾಸಿಟಿವ್ ಅಲ್ಲ, ಅದನ್ನು ಹಿಡಿದು ತಂಗಿ-ತಮ್ಮಂದಿರ ರಕ್ತ ಪರೀಕ್ಷಿಸಿ ಯಾರಿಗೆ ಅಪಾಯ, ಯಾರಿಗಿಲ್ಲ ಎಂದು ವಿಂಗಡಿಸುವಂತೆಯೂ ಇಲ್ಲ. ಮುಂದೆ ಇವುಗಳಲ್ಲಿ ಹೆಚ್ಚಿನವು ನಿರಪಾಯದ ಕಡೆಗೇ ಜಾರುತ್ತವೆ. ತಪಾಸಣೆ ಎಷ್ಟು ಬೇಕು ಎಂಬುದನ್ನು ಮನೆತನದ ಚರಿತ್ರೆ ನೋಡಿ ನಿರ್ಧರಿಸಬೇಕು.

ಪಿಎಂಎಸ್2 ವಿಷಯದಲ್ಲಿ ಇನ್ನೊಂದು ತೊಡಕಿದೆ. ಈ ಜೀನಿನ ಕೊನೆಯ ಭಾಗಕ್ಕೆ, ಅಂದರೆ ಎಕ್ಸಾನ್ (ಪ್ರೋಟೀನಿನ ಸೂತ್ರ ಹೊತ್ತ ಜೀನಿನ ತುಂಡು) 11ರಿಂದ 15ರವರೆಗೆ, ಅದರ ಪಕ್ಕದಲ್ಲೇ ಕೆಲಸಕ್ಕೆ ಬಾರದ ಒಂದು ಅವಳಿ ನಕಲು ಇದೆ. ಡಿಎನ್‌ಎಯನ್ನು ಚಿಕ್ಕ ಚೂರುಗಳಾಗಿ ಓದುವ ಯಂತ್ರಕ್ಕೆ ಯಾವ ಚೂರು ಅಸಲಿಯದು, ಯಾವುದು ನಕಲಿಯದು ಎಂದು ತಿಳಿಯುವುದಿಲ್ಲ. ನಕಲಿನಲ್ಲಿರುವ ಬದಲಾವಣೆ ಅಸಲಿಯ ತಲೆಗೆ ಬರುತ್ತದೆ, ಅಸಲಿಯ ದೋಷ ನಕಲಿನ ಹೆಸರಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಅಕ್ಕನ ಬದಲಾವಣೆ ಈ ಎಕ್ಸಾನ್‌ಗಳಲ್ಲಿದ್ದರೆ, ಅಸಲಿ ಜೀನನ್ನಷ್ಟೇ ಹಿಡಿದು ಬೆಳೆಸುವ ಲಾಂಗ್-ರೇಂಜ್ ಪಿಸಿಆರ್‌ನಿಂದ ದೃಢಪಡಿಸಿದ್ದಾರೆಯೇ ಎಂದು ಲ್ಯಾಬಿಗೆ ಬರೆದು ಕೇಳಿ. ಕೇಳಲು ಹಿಂಜರಿಯಬೇಡಿ, ಬಹಳ ಮುಖ್ಯವಾದ ಪ್ರಶ್ನೆ ಇದು.

3ನೇ ವರ್ಗದ ಒಂದು ಬದಲಾವಣೆ ಅಲ್ಲಿಂದ ಕದಲಬೇಕಾದರೆ ಸಾಕ್ಷ್ಯ ಬೇಕು: ಕಾಯಿಲೆ ಬಂದ ಬಂಧುಗಳಲ್ಲೆಲ್ಲ ಅದು ಇದೆಯೇ, ಅವರ ಗಡ್ಡೆಯಲ್ಲಿ ಅದೇ ಪ್ರೋಟೀನ್ ಕಾಣೆಯಾಗಿದೆಯೇ, ಸಾಮಾನ್ಯ ಜನರಲ್ಲಿ ಅದು ಎಷ್ಟು ಸಿಗುತ್ತದೆ, ಪ್ರಯೋಗಾಲಯದಲ್ಲಿ ಪ್ರೋಟೀನ್ ಕೆಲಸ ಮಾಡುತ್ತದೆಯೇ. ಇನ್‌ಸೈಟ್ ಎಂಬ ಅಂತರರಾಷ್ಟ್ರೀಯ ಸಂಘ 2014ರಲ್ಲಿ ಈ ನಾಲ್ಕು ಜೀನ್‌ಗಳ 2,360 ಬದಲಾವಣೆಗಳನ್ನು ಹೀಗೆ ತೂಗಿ ನೋಡಿ ಪ್ರಕಟಿಸಿತು. 2021ರಲ್ಲಿ ಬಂದ ಇನ್ನೊಂದು ಕೆಲಸ ನಮಗೆ ತುಂಬ ಮೆಚ್ಚುಗೆಯಾದದ್ದು. ಎಂಎಸ್‌ಎಚ್2 ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬದಲಾಗುವ 17,746 ಬಗೆಗಳನ್ನು ಸಂಶೋಧಕರು ಮೊದಲೇ ತಯಾರಿಸಿ ಕೋಶಗಳಿಗೆ ಸೇರಿಸಿದರು, ಆಮೇಲೆ 6-ಥಯೋಗ್ವಾನಿನ್ ಎಂಬ ಔಷಧ ಕೊಟ್ಟರು. ತಿದ್ದುವ ವ್ಯವಸ್ಥೆ ಸರಿಯಿದ್ದ ಕೋಶ ಈ ಔಷಧಕ್ಕೆ ಸಾಯುತ್ತದೆ, ಕೆಟ್ಟದ್ದು ಬದುಕುತ್ತದೆ. ಬದುಕುಳಿದ ಕೋಶಗಳಲ್ಲಿ ಯಾವ ಬದಲಾವಣೆಗಳಿವೆ ಎಂದು ಎಣಿಸಿದರೆ ದೋಷಗಳ ಪಟ್ಟಿಯೇ ಕೈಗೆ ಬರುತ್ತದೆ. ರೋಗಿಯೊಬ್ಬರಲ್ಲಿ ಇನ್ನೂ ಕಾಣದ ಬದಲಾವಣೆಗೂ ಉತ್ತರ ಸಿದ್ಧವಿರುತ್ತದೆ.

ಅಕ್ಕ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಲ್ಯಾಬಿಗೆ ಅಥವಾ ಜೆನೆಟಿಕ್ ಕೌನ್ಸೆಲರ್‌ಗೆ ಬರೆದು ವರ್ಗ ಬದಲಾಗಿದೆಯೇ ಎಂದು ಕೇಳಲಿ. ತಾವಾಗಿಯೇ ತಿಳಿಸುತ್ತಾರೆ ಎಂದು ಕಾಯಬೇಡಿ.

ಪ್ರಶ್ನೆ: ಗಂಡನಿಗೆ 41. ಗಡ್ಡೆಯಲ್ಲಿ ಎಂಎಸ್‌ಎಚ್2, ಎಂಎಸ್‌ಎಚ್6 ಎರಡೂ ಇಲ್ಲ. ಆದರೆ ರಕ್ತದ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ. ಇದು ಹೇಗೆ?

ಉತ್ತರ: ಮೊದಲು ರಕ್ತದ ಪರೀಕ್ಷೆ ಏನೇನು ನೋಡಿದೆ ಎಂದು ವರದಿಯ ಕೊನೆಯ ಪುಟದಲ್ಲಿ ಓದಿ. ಅಕ್ಷರ ಬದಲಾವಣೆಗಳನ್ನಷ್ಟೇ ನೋಡಿ, ಇಡೀ ಎಕ್ಸಾನ್‌ಗಳು ಉದುರಿಹೋಗಿವೆಯೇ ಎಂದು ನೋಡದಿದ್ದರೆ ಅದು ಅರೆಬರೆ ಪರೀಕ್ಷೆ. ಎಂಎಸ್‌ಎಚ್2ನಲ್ಲಿ ಇಂಥ ದೊಡ್ಡ ನಷ್ಟಗಳು ಸಾಮಾನ್ಯ. ಎಕ್ಸಾನ್‌ಗಳ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಅಥವಾ ಅದಕ್ಕೆ ಸಮನಾದ ವಿಧಾನ ಆಗಿರಬೇಕು.

ಎರಡನೆಯದು, ಪಕ್ಕದ ಎಪ್‌ಕ್ಯಾಮ್ ಜೀನ್. ಅದರ ಬಾಲ ಮುರಿದುಹೋದರೆ ಅದನ್ನು ಓದುವ ಯಂತ್ರ ನಿಲ್ಲಬೇಕಾದಲ್ಲಿ ನಿಲ್ಲದೆ ಎಂಎಸ್‌ಎಚ್2 ಒಳಕ್ಕೆ ನುಗ್ಗಿ, ಅದು ಮುಚ್ಚಿಹೋಗುವಂತೆ ಮಾಡುತ್ತದೆ. ಎಂಎಸ್‌ಎಚ್2 ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ. ಎಪ್‌ಕ್ಯಾಮ್ ದುಡಿಯುವ ಒಳಪದರದ ಕೋಶಗಳಲ್ಲಿ ಮಾತ್ರ ಹೀಗಾಗುವುದರಿಂದ ರಕ್ತದಲ್ಲಿ ಮೀಥೈಲೇಷನ್ ಹುಡುಕಿ ಫಲವಿಲ್ಲ, ಎಪ್‌ಕ್ಯಾಮ್ ತುದಿಯ ನಷ್ಟವನ್ನೇ ಹುಡುಕಬೇಕು. ಮೂರನೆಯದು, ಎಂಎಸ್‌ಎಚ್2ನ 1ರಿಂದ 7ರವರೆಗಿನ ಎಕ್ಸಾನ್‌ಗಳು ತಲೆಕೆಳಗಾಗಿ ಕೂತಿರುವುದು. ಏನೂ ಕಳೆದುಹೋಗಿಲ್ಲವಾದ್ದರಿಂದ ಎಣಿಕೆ ಸರಿ ಬರುತ್ತದೆ, ಸಾಮಾನ್ಯ ಪ್ಯಾನೆಲ್ ತಪ್ಪಿಸಿಕೊಳ್ಳಲು ಬಿಡುತ್ತದೆ. ಈ ತಲೆಕೆಳಗನ್ನು ನೋಡಿದ್ದೀರಾ ಎಂದು ಹೆಸರು ಹಿಡಿದೇ ಕೇಳಬೇಕು.

ಇವೆಲ್ಲ ಇಲ್ಲವೆಂದಾದ ಮೇಲೆ ಗಡ್ಡೆಯ ಡಿಎನ್‌ಎ ಓದಿಸಿ. ಒಂದೇ ಜೀನಿನ ಎರಡೂ ಪ್ರತಿಗಳು ಗಡ್ಡೆಯಲ್ಲೇ ಒಂದರ ಹಿಂದೊಂದು ಕೆಟ್ಟಿರುವುದು ಇಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಣುತ್ತದೆ. ಹಾಗಾದರೆ ಅದು ಲಿಂಚ್ ಅಲ್ಲ, ಮಕ್ಕಳನ್ನು 20ರಿಂದಲೇ ಪ್ರತಿ ವರ್ಷ ಕೊಲೊನೊಸ್ಕೋಪಿಗೆ ಎಳೆದಾಡಬೇಕಿಲ್ಲ. ಒಂದೇ ಪ್ರತಿ ಕೆಟ್ಟಿದ್ದರೆ ಇನ್ನೊಂದರ ದೋಷ ಎಲ್ಲೋ ಅಡಗಿದೆ ಎಂದು ಹುಡುಕಾಟ ಮುಂದುವರಿಸಬೇಕು.

ಪ್ರಶ್ನೆ: ತಮ್ಮನಿಗೆ 38. ಕರುಳಿನಲ್ಲಿ 40 ಪಾಲಿಪ್‌ಗಳು (ಒಳಗೋಡೆಯ ಮೇಲೆ ಏಳುವ ಚಿಕ್ಕ ಗಂಟುಗಳು). ಅಪ್ಪ-ಅಮ್ಮನಿಗೆ ಏನೂ ಇಲ್ಲ. ಹಾಗಿದ್ದರೂ ಇದು ವಂಶದ್ದು ಎನ್ನುತ್ತಾರಲ್ಲ?

ಉತ್ತರ: ಎನ್ನುವುದು ಸರಿಯೇ ಇರಬಹುದು. ಅಪ್ಪ-ಅಮ್ಮ ಇಬ್ಬರೂ ಮ್ಯೂಟಿವೈಎಚ್ ಜೀನಿನ ಒಂದೊಂದು ಕೆಟ್ಟ ಪ್ರತಿ ಹೊತ್ತು ತಾವು ಆರೋಗ್ಯವಾಗಿದ್ದು, ಮಗನಿಗೆ ಎರಡೂ ಕೆಟ್ಟವೇ ಬಂದರೆ ಹೀಗಾಗುತ್ತದೆ. ರಕ್ತಸಂಬಂಧದೊಳಗಿನ ಮದುವೆಗಳಲ್ಲಿ ಸಾಧ್ಯತೆ ಹೆಚ್ಚು. ಹತ್ತರಿಂದ ನೂರರ ನಡುವಿನ ಪಾಲಿಪ್ ಇದಕ್ಕೆ ಹೊಂದುತ್ತದೆ. ನಿಮಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ. ಆದ್ದರಿಂದ ತಮ್ಮನ ಫಲಿತಾಂಶ ಬಂದ ಕೂಡಲೇ ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಬೇಕು. ಈ ಜೀನನ್ನು ಕಾರ್ಡಿಫ್‌ನ ಸಂಶೋಧಕರು 2002ರಲ್ಲಿ ಕಂಡುಕೊಂಡದ್ದು ಗಡ್ಡೆಯಲ್ಲಿ ಉಳಿದ ಗುರುತಿನಿಂದ: 'ಜಿ' ಇರಬೇಕಾದಲ್ಲೆಲ್ಲ 'ಟಿ' ಬಂದಿತ್ತು. ಹಾಳಾದ 'ಜಿ' ಎದುರು ತಪ್ಪಾಗಿ ಕೂತ 'ಎ'ಯನ್ನು ಕಿತ್ತುಹಾಕುವುದೇ ಈ ಜೀನಿನ ಕೆಲಸ. ಯುರೋಪಿನವರಲ್ಲಿ ಸಾಮಾನ್ಯವಾದ ಎರಡೇ ದೋಷಗಳನ್ನು ನೋಡಿ ಮುಗಿಸುವ ಪರೀಕ್ಷೆಗಳೂ ಇವೆ. ಬೇರೆ ಮೂಲದವರಿಗೆ ಅದು ಸಾಲದು, ಇಡೀ ಜೀನನ್ನು ಓದಿಸಿ.

ಇನ್ನೊಂದು ಸಾಧ್ಯತೆ, ಕೆಟ್ಟರೆ ಕರುಳಿನಲ್ಲಿ ಬಹಳ ಪಾಲಿಪ್‌ಗಳನ್ನು ಹುಟ್ಟಿಸುವ ಎಪಿಸಿ ಜೀನ್. ಅದರ ದೋಷವಿರುವವರಲ್ಲಿ ನಾಲ್ಕರಿಂದ ಐದರಲ್ಲಿ ಒಬ್ಬರಿಗೆ ಅದು ಹೊಸದಾಗಿ ಹುಟ್ಟಿದ್ದು, ತಂದೆ-ತಾಯಿಯದಲ್ಲ. ಕೆಲವರಲ್ಲಿ ಭ್ರೂಣ ಬೆಳೆಯುವಾಗ ಹುಟ್ಟಿ ಮೈಯ ಕೆಲವು ಭಾಗಗಳಲ್ಲಿ ಮಾತ್ರ ಇರುತ್ತದೆ, ರಕ್ತದಲ್ಲಿ ಸಿಗುವುದೇ ಇಲ್ಲ. ಆಗ ಬೇರೆ ಬೇರೆ ಜಾಗದ ಎರಡು-ಮೂರು ಪಾಲಿಪ್‌ಗಳ ಡಿಎನ್‌ಎ ಓದಿಸಬೇಕು. ಎಲ್ಲದರಲ್ಲೂ ಒಂದೇ ಎಪಿಸಿ ದೋಷವಿದ್ದರೆ ಸಂದೇಹ ಬಗೆಹರಿಯಿತು. ಪಾಲಿಪ್ ತೆಗೆದ ದಿನವೇ ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಸಿದ್ದರೆ ಮಾತ್ರ ಇದು ಸಾಧ್ಯ.

ಪ್ರಶ್ನೆ: ತಂದೆಯಿಂದ ಹೆಣ್ಣುಮಕ್ಕಳಿಗೆ ಬರುವುದಿಲ್ಲ, ಒಂದು ತಲೆಮಾರು ಬಿಟ್ಟು ಬರುತ್ತದೆ ಎನ್ನುವುದು ನಿಜವೇ?

ಉತ್ತರ: ಎರಡೂ ತಪ್ಪು. ಲಿಂಚ್ ಮತ್ತು ಎಪಿಸಿ ದೋಷಗಳು ಗಂಡು-ಹೆಣ್ಣು ಭೇದವಿಲ್ಲದೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಬರುತ್ತವೆ. ದೋಷವಿದ್ದೂ ಕಾಯಿಲೆ ಬಾರದ ಒಬ್ಬರು ನಡುವೆ ಇದ್ದರೆ ತಲೆಮಾರು ಬಿಟ್ಟಂತೆ ಕಾಣುತ್ತದೆ, ಅಷ್ಟೆ. ದೋಷ ಬಾರದವರಿಂದ ಅದು ಮುಂದಿನವರಿಗೆ ಹೋಗುವುದಿಲ್ಲ.

ಪ್ರಶ್ನೆ: 10 ವರ್ಷದ ಮಗಳಿಗೆ ಈಗಲೇ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಮನೆಯಲ್ಲಿರುವುದು ಎಪಿಸಿ ದೋಷವಾದರೆ ಹೌದು, 10ರಿಂದ 12ರೊಳಗೆ. ಪಾಲಿಪ್‌ಗಳು ಆ ವಯಸ್ಸಿನಿಂದಲೇ ಹುಟ್ಟುತ್ತವೆ. ಲಿಂಚ್ ಆದರೆ ಬೇಡ, ವಯಸ್ಕಳಾದ ಮೇಲೆ ಅವಳೇ ನಿರ್ಧರಿಸಲಿ. ತಂದೆ-ತಾಯಿ ಇಬ್ಬರಲ್ಲೂ ಅದೇ ಲಿಂಚ್ ಜೀನಿನ ದೋಷವಿದ್ದರೆ ಮಾತ್ರ ತಡಮಾಡಬಾರದು. ಎರಡೂ ಪ್ರತಿ ಕೆಟ್ಟ ಮಕ್ಕಳಿಗೆ ಬಾಲ್ಯದಲ್ಲೇ ಮೆದುಳು, ರಕ್ತ, ಕರುಳಿನ ಕ್ಯಾನ್ಸರ್ ಬರುತ್ತದೆ. ಚರ್ಮದ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು ಮುನ್ಸೂಚನೆ.

ಪ್ರಶ್ನೆ: ನನಗೆ 26, ಎಂಎಲ್‌ಎಚ್1 ದೋಷ ಖಚಿತವಾಗಿದೆ. ಎಷ್ಟಕ್ಕೊಮ್ಮೆ ಕೊಲೊನೊಸ್ಕೋಪಿ? ಆಸ್ಪಿರಿನ್ ತೆಗೆದುಕೊಳ್ಳಲೇ?

ಉತ್ತರ: ಎಂಎಲ್‌ಎಚ್1, ಎಂಎಸ್‌ಎಚ್2 ದೋಷವಿದ್ದವರಿಗೆ 20-25ರಿಂದ ಶುರು ಮಾಡಿ ಒಂದರಿಂದ ಎರಡು ವರ್ಷಕ್ಕೊಮ್ಮೆ. ಎಂಎಸ್‌ಎಚ್6, ಪಿಎಂಎಸ್2 ಆದರೆ 30-35ರಿಂದ, ಕೆಲವೊಮ್ಮೆ ಇನ್ನೂ ದೂರದ ಅಂತರದಲ್ಲಿ. ಜೀವಮಾನದ ಅಪಾಯದಲ್ಲೇ ಅಷ್ಟು ವ್ಯತ್ಯಾಸವಿದೆ: ಮೊದಲ ಎರಡರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕರುಳಿನ ಕ್ಯಾನ್ಸರ್, ಎಂಎಸ್‌ಎಚ್6ನಲ್ಲಿ ಐದರಲ್ಲಿ ಒಬ್ಬರ ಹತ್ತಿರ, ಪಿಎಂಎಸ್2ನಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು. ಫಿನ್ಲೆಂಡ್‌ನಲ್ಲಿ ಲಿಂಚ್ ಕುಟುಂಬಗಳನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮೂರು ವರ್ಷಕ್ಕೊಮ್ಮೆ ನೋಡಿಸಿಕೊಂಡವರಲ್ಲೇ ಕ್ಯಾನ್ಸರ್ ಶೇ 62ರಷ್ಟು ಕಡಿಮೆಯಾಯಿತು. ನಡುವಿನ ಅಂತರದಲ್ಲೂ ಕೆಲವರಿಗೆ ಕ್ಯಾನ್ಸರ್ ಬರುತ್ತದೆ, ಏಕೆಂದರೆ ಲಿಂಚ್‌ನಲ್ಲಿ ಪಾಲಿಪ್ ಬೇಗ ಮಾಗುತ್ತದೆ. ಕೆಲವು ಗಡ್ಡೆಗಳು ಪಾಲಿಪ್ ಹಂತವೇ ಇಲ್ಲದೆ ನೇರವಾಗಿ ಏಳುತ್ತವೆ.

ಬಲಭಾಗದ ಚಪ್ಪಟೆ ಪಾಲಿಪ್‌ಗಳು ತಪ್ಪಿಸಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ ಕರುಳು ಚೆನ್ನಾಗಿ ಶುದ್ಧವಾಗದಿರುವುದು. ಭೇದಿ ಔಷಧವನ್ನು ಹಿಂದಿನ ಸಂಜೆ ಅರ್ಧ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಕುಡಿಯಿರಿ. ಎಲ್ಲವನ್ನೂ ಹಿಂದಿನ ರಾತ್ರಿಯೇ ಮುಗಿಸಿದರೆ ಬೆಳಗಿನ ಹೊತ್ತಿಗೆ ಬಲಭಾಗಕ್ಕೆ ಮತ್ತೆ ಲೋಳೆ ಇಳಿದಿರುತ್ತದೆ. ವರದಿಯಲ್ಲಿ 'ಸಿದ್ಧತೆ ಅಸಮರ್ಪಕ' ಎಂದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬೇಗನೆ ಮತ್ತೆ ಮಾಡಿಸಿ.

ಆಸ್ಪಿರಿನ್‌ಗೆ ಒಳ್ಳೆಯ ಸಾಕ್ಷ್ಯವಿದೆ. ಕ್ಯಾಪ್2 ಪ್ರಯೋಗದಲ್ಲಿ 861 ಲಿಂಚ್ ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿಗುಳಿಗೆ ಕೊಟ್ಟರು. ಹತ್ತು ವರ್ಷ ಹಿಂಬಾಲಿಸಿದಾಗ ಆಸ್ಪಿರಿನ್ ಗುಂಪಿನಲ್ಲಿ ಶೇ 9, ಇನ್ನೊಂದರಲ್ಲಿ ಶೇ 13 ಜನರಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಪ್ರಯೋಜನ ಕಾಣಿಸಿದ್ದು ಕೆಲವು ವರ್ಷ ಕಳೆದ ಮೇಲೆ, ತಕ್ಷಣವಲ್ಲ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಹೊಟ್ಟೆಹುಣ್ಣು, ರಕ್ತಸ್ರಾವದ ಚರಿತ್ರೆ, ಮೂತ್ರಪಿಂಡದ ತೊಂದರೆ ಇದ್ದವರು ಸ್ವಂತ ತೀರ್ಮಾನದಿಂದ ಮುಟ್ಟಬಾರದು. ಆಸ್ಪಿರಿನ್ ನುಂಗುತ್ತಿದ್ದೇನೆ ಎಂದು ಕೊಲೊನೊಸ್ಕೋಪಿ ಬಿಡುವಂತಿಲ್ಲ.

ಪ್ರಶ್ನೆ: ಕಾಯಿಲೆ ಬಂದಾಗಿದೆ. ಈಗ ಜೀನ್ ತಿಳಿದು ಏನು ಪ್ರಯೋಜನ?

ಉತ್ತರ: ಔಷಧವೇ ಬದಲಾಗಬಹುದು. ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆ ತಪ್ಪುಗಳಿಂದ ತುಂಬಿರುತ್ತದೆ. ಆ ತಪ್ಪುಗಳಿಂದ ಹುಟ್ಟಿದ ವಿಚಿತ್ರ ಪ್ರೋಟೀನ್‌ಗಳನ್ನು ದೇಹದ ರಕ್ಷಣಾ ಕೋಶಗಳು ಪರಕೀಯವೆಂದು ಗುರುತಿಸುತ್ತವೆ, ಗಡ್ಡೆ ಅವುಗಳಿಗೆ ಬ್ರೇಕ್ ಹಾಕಿರುತ್ತದೆ. ಆ ಬ್ರೇಕ್ ತೆಗೆಯುವ ಪೆಂಬ್ರೊಲಿಝುಮ್ಯಾಬ್ ಅನ್ನು, ಹರಡಿದ ಇಂಥ ಕರುಳಿನ ಕ್ಯಾನ್ಸರ್ ಇದ್ದ 307 ಮಂದಿಯ ಪ್ರಯೋಗದಲ್ಲಿ ಕಿಮೋ ಜೊತೆ ಹೋಲಿಸಿದರು. ಕಾಯಿಲೆ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ ಕಿಮೋದಲ್ಲಿ 8.2 ತಿಂಗಳು, ಇದರಲ್ಲಿ 16.5. 2022ರಲ್ಲಿ ಗುದನಾಳದ ಇಂಥ ಗಡ್ಡೆಯಿದ್ದ 12 ಮಂದಿಗೆ ಆರು ತಿಂಗಳು ಅದೇ ಬಗೆಯ ಡೋಸ್ಟಾರ್ಲಿಮ್ಯಾಬ್ ಕೊಟ್ಟಾಗ ಎಲ್ಲರಲ್ಲೂ ಗಡ್ಡೆ ಕಾಣದಾಯಿತು. ಎರಡನೇ ಹಂತದ ಇಂಥ ಗಡ್ಡೆಗೆ ಫ್ಲೋರೋಯುರಾಸಿಲ್ ಎಂಬ ಕಿಮೋ ಔಷಧ ಒಂದನ್ನೇ ಕೊಡುವುದರಿಂದ ಲಾಭವಿಲ್ಲ ಎಂಬುದೂ ತಿಳಿದದ್ದೇ. ಅಂದರೆ ಕೊಡದೇ ಇರಬಹುದಾದ ಕಿಮೋ ಕೂಡ ತಪ್ಪುತ್ತದೆ. ಇಷ್ಟಕ್ಕೆಲ್ಲ ಬೇಕಾದದ್ದು ಗಡ್ಡೆಯಲ್ಲಿ ಆ ನಾಲ್ಕು ಪ್ರೋಟೀನ್‌ಗಳ ಬಣ್ಣದ ಪರೀಕ್ಷೆ. ಚಿಕಿತ್ಸೆ ಶುರುವಾಗುವ ಮುಂಚೆಯೇ ಅದರ ಫಲಿತಾಂಶ ಕೇಳಿ ಪಡೆಯಿರಿ.

ರಕ್ತದ ಪರೀಕ್ಷೆಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ 3ರಿಂದ 5 ಮಿಲಿಲೀಟರ್ ಸಾಕು. ಅಸ್ಥಿಮಜ್ಜೆಯ ಕಸಿ ಆದವರಲ್ಲಿ ಮಾತ್ರ ರಕ್ತವೂ ಎಂಜಲೂ ದಾನಿಯ ಡಿಎನ್‌ಎ ತೋರಿಸುತ್ತವೆ, ಅವರಿಗೆ ಚರ್ಮದ ಚೂರಿನಿಂದ ಕೋಶ ಬೆಳೆಸಿ ನೋಡಬೇಕು. ದೋಷ ಸಿಕ್ಕ ಮೇಲೆ ಜೀನಿನ ಹೆಸರು, ಬದಲಾವಣೆಯ ಪೂರ್ತಿ ಬರಹ, ವರ್ಗ, ಲ್ಯಾಬಿನ ಹೆಸರು, ತಾರೀಖು ಇರುವ ಪುಟದ ಪ್ರತಿ ಮಾಡಿಸಿ ಒಡಹುಟ್ಟಿದವರು, ದೊಡ್ಡಪ್ಪ-ಚಿಕ್ಕಪ್ಪ, ಅತ್ತೆ-ಮಾವಂದಿರ ಮಕ್ಕಳಿಗೆ ಕೊಡಿ. 'ನಮ್ಮ ಮನೆಯಲ್ಲಿ ಲಿಂಚ್ ಇದೆಯಂತೆ' ಎಂಬ ಬಾಯಿಮಾತು ಹಿಡಿದು ಬಂದವರಿಗೆ ಲ್ಯಾಬ್ ಎಲ್ಲ ಜೀನ್‌ಗಳನ್ನೂ ಮೊದಲಿಂದ ಹುಡುಕಬೇಕಾಗುತ್ತದೆ. ಆ ಪುಟ ಹಿಡಿದು ಬಂದವರಿಗೆ ಒಂದೇ ಜಾಗ ನೋಡಿ ಹೌದು ಅಥವಾ ಅಲ್ಲ ಎಂದು ಹೇಳಬಹುದು.